ಕಳೆಯ ರಾಶಿಯಲ್ಲಿ ಅಕ್ಕನಿಗೆ ಸಿಕ್ಕಿದ್ದು

ಕಳೆ ಕೀಳುವುದರಲ್ಲಿ ನನಗೆ ಕರುಣೆಯೇ ಇರಲಿಲ್ಲ. ಹೆಸರು ಕೂಡ ಕೇಳುತ್ತಿರಲಿಲ್ಲ. ನಾನು ನೆಡದ್ದು ಅಂದರೆ ಮುಗೀತು, ಬೇರು ಸಮೇತ ಹೊರಗೆ.

ಹಾಗೆ ಒಂದು ಬೆಳಗ್ಗೆ ಕಿತ್ತು ರಾಶಿ ಹಾಕಿದ್ದೆ. ಅಕ್ಕ ಬಂದವಳು ಸೀದಾ ಅದರೊಳಗೆ ಕೈಹಾಕಿ ಹುಡುಕತೊಡಗಿದಳು. "ಒಂದು ಲೋಟ ನೀರು ತಗೊಂಡು ಬಾ" ಅಂದಳು. ಕುಡಿಯೋಕೆ ಅಂತ ತಂದುಕೊಟ್ಟರೆ, ಎರಡು ಒಣ ಕಾಯಿ ಅದರೊಳಗೆ ಹಾಕಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟಪ್! ನನ್ನ ಕನ್ನಡಕದ ಮೇಲೆಲ್ಲ ನೀರು.

ಪಟಪಟ ಕಾಯಿ! ನೇರಳೆ ಹೂ ಬಿಡುವ ರುವೆಲಿಯಾ ಗಿಡದ್ದು. ಒಣಗಿದ ಕಾಯಿಯ ತುದಿ ನೆನೆದರೆ ಹೊಲಿಗೆ ಬಿಚ್ಚಿದ ಹಾಗೆ ಎರಡು ಹೋಳಾಗಿ ಸಿಡಿದು ಬೀಜ ಎಸೆಯುತ್ತದೆ. (ಮಳೆ ಬಂದಿದ್ದರೆ ಅಕ್ಕನಿಗೆ ಒಂದೂ ಸಿಗುತ್ತಿರಲಿಲ್ಲ, ಗಿಡದಲ್ಲೇ ಸಿಡಿದಿರುತ್ತಿದ್ದವು.) ಶಾಲೆಯಲ್ಲಿ ಇದಕ್ಕೆ ಎಂಜಲು ಹಚ್ಚಿ ಮುಂದಿನ ಬೆಂಚಿನವರ ಕಾಲರಿನೊಳಗೆ ಬಿಡುತ್ತಿದ್ದೆವು. ಅಂಥ ಗಿಡವನ್ನು ಎಷ್ಟು ವರ್ಷದಿಂದ ಗುರುತೇ ಹಿಡಿಯದೆ ಕಿತ್ತಿದ್ದೆನೋ!

ಅವತ್ತೇ ಗೋಡೆ ಪಕ್ಕದ ಎರಡು ಮಾರು ಜಾಗ ಬಿಟ್ಟುಬಿಟ್ಟೆ. ಅಲ್ಲಿ ಒಂದೇ ನಿಯಮ: ಹೂ ಬಿಡುವ ತನಕ ಯಾವುದನ್ನೂ ಕೀಳುವ ಹಾಗಿಲ್ಲ. ಪಾರ್ಥೇನಿಯಂ ಮಾತ್ರ ಇದಕ್ಕೆ ಹೊರತು. ಅದು ಚರ್ಮಕ್ಕೆ ಅಲರ್ಜಿ ತರುತ್ತದೆ, ಬೀಜವೂ ಸಾವಿರಗಟ್ಟಲೆ. ಹೂವಾಗುವ ಮೊದಲೇ ಕೈಗವಸು ಹಾಕಿಕೊಂಡು ಕೀಳುತ್ತೇನೆ. ಅದರ ಮೇಲೆ ನನಗೆ ಯಾವ ಸವಿನೆನಪೂ ಇಲ್ಲ.

ನೋಡೋಕೆ ಒಂದು ಭೂತಗನ್ನಡಿ ಮತ್ತು ಕೂರೋಕೆ ಮಣೆ ಸಾಕು. ಕೂರುವುದು ಮುಖ್ಯ. ನಿಂತು ನೋಡಿದರೆ ನೆಲನೆಲ್ಲಿ ಬರೀ ಹಸಿರು. ಕಡ್ಡಿಯನ್ನು ತಿರುವಿದರೆ ಎಲೆಗಳ ಅಡಿಯಲ್ಲಿ ಮಣಿ ಪೋಣಿಸಿದ ಹಾಗೆ ಸಾಲಾಗಿ ಕಾಯಿ. ಮೂರೆಲೆಯ ಹುಳಿಸೊಪ್ಪಿನ ಬಲಿತ ಕಾಯಿಗೆ ಬೆರಳು ತಾಗಿದರೆ ಸಾಕು, ಬೀಜ ಚಿಮ್ಮುತ್ತದೆ. ಇನ್ನು ಮುಟ್ಟಿದರೆ ಮುನಿ. ಎಲೆಯ ಬುಡದಲ್ಲಿ ಪುಟ್ಟ ಉಬ್ಬು ಇದೆ, ಅಲ್ಲಿನ ನೀರು ಸರಿದಾಗ ಎಲೆ ಮಡಚಿಕೊಳ್ಳುತ್ತದೆ. ಇದೆಲ್ಲ ಗೊತ್ತಿದ್ದೂ ದಿನಾ ಹೋಗುವಾಗ ಒಂದು ಸಲ ಮುಟ್ಟಿಯೇ ಹೋಗುತ್ತೇನೆ. ಚಿಕ್ಕವರಿದ್ದಾಗ ನಾವು ಅದನ್ನು ನಾಚಿಕೆ ಮುಳ್ಳು ಅನ್ನುತ್ತಿದ್ದೆವು ಅಂತ ಅಕ್ಕ, ಇಲ್ಲ ಅಂತ ನಾನು. ಈ ಜಗಳ ಇನ್ನೂ ಮುಗಿದಿಲ್ಲ.

ನಾನು ಮೋಸಹೋಗಿದ್ದು ಕನ್ನೆಸೊಪ್ಪಿನ ಹತ್ತಿರ. ಬೆಳಗ್ಗೆ ಅರಳುವ ನೀಲಿ ಹೂ, ಮಧ್ಯಾಹ್ನಕ್ಕೆ ಮುದುಡಿ ಕರಗಿದಂತಾಗುತ್ತದೆ. ಎರಡು ದಳ ದೊಡ್ಡವು, ಕೆಳಗಿನದು ಚಿಕ್ಕದು. ಆ ನೀಲಿಗಾಗಿ ಮುಟ್ಟದೆ ಬಿಟ್ಟೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬದನೆ ಪಾತಿಯೆಲ್ಲ ಅದರದ್ದೇ. ಕಿತ್ತು ಪಕ್ಕಕ್ಕೆ ಎಸೆದೆ, ತುಂಡಾದ ಗಿಣ್ಣುಗಳಲ್ಲೂ ಬೇರು ಬಂತು. ಅಗೆದು ನೋಡಿದರೆ ಮಣ್ಣೊಳಗೂ ಬಿಳಿಚಿದ ಹೂಗಳು! ಅವು ಅರಳುವುದೇ ಇಲ್ಲ, ಮುಚ್ಚಿಕೊಂಡೇ ಬೀಜ ಕಟ್ಟುತ್ತವೆ. ಸಿಟ್ಟು ಬಂತು, ನಿಜ. ಆದರೂ ಒಂದು ಹೂವನ್ನು ತೊಳೆದು ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿದೆ. ಈಗ ಅದನ್ನು ಒಂದು ಹಳೇ ಕುಂಡದಲ್ಲಿ ಮಾತ್ರ ಉಳಿಸಿಕೊಂಡಿದ್ದೇನೆ. ಉಳಿದದ್ದನ್ನು ಕಿತ್ತು, ಪೂರ್ತಿ ಒಣಗಿಸಿಯೇ ಬಿಸಾಡುತ್ತೇನೆ.

ಮೊನ್ನೆ ಮೆಟ್ಟಿಲ ಸಂದಿಯಲ್ಲಿ ರುವೆಲಿಯಾ ಎದ್ದಿತ್ತು. ಅಕ್ಕನ ಲೋಟದ ನೀರು ಚೆಲ್ಲಿದ್ದು ಅಲ್ಲೇ ಅಲ್ವಾ! ಅದರ ಗಡ್ಡೆಬೇರು ಬಲಿತರೆ ತೆಗೆಯುವುದು ಕಷ್ಟ. ಬಗ್ಗಿ ನೋಡಿದರೆ ಎರಡು ಕಾಯಿ ಒಣಗಿ ಕಂದಾಗಿದ್ದವು. ಅವನ್ನು ಬಿಡಿಸಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಗಿಡ ಕಿತ್ತೆ.