ಕೆಲಸದ ಫೋನ್‌ಗಳ ಅಪ್‌ಡೇಟ್: ವರ್ಷನ್ ಅಲ್ಲ, ಪ್ಯಾಚ್ ತಾರೀಖು ನೋಡಿ

ಆರ್ಡರ್, ಬಿಲ್ಲಿಂಗ್, ಯುಪಿಐ ವಸೂಲಿ ಎಲ್ಲವೂ ಹತ್ತು ಹದಿನೈದು ಆಂಡ್ರಾಯ್ಡ್ ಫೋನ್‌ಗಳ ಮೇಲೆ ನಡೆಯುವ ಏಜೆನ್ಸಿಗಳಲ್ಲಿ ‘ಆಂಡ್ರಾಯ್ಡ್ ವರ್ಷನ್ ಹೊಸದೇ ಇದೆ’ ಎಂದು ಸುಮ್ಮನಾಗುವವರು ಬಹಳ. ವರ್ಷನ್ ಹೊಸದಿದ್ದರೂ ಒಳಗಿನ ಸೆಕ್ಯುರಿಟಿ ಪ್ಯಾಚ್ (ಭದ್ರತೆಯ ತೂತು ಮುಚ್ಚುವ ದುರಸ್ತಿ) ವರ್ಷದಷ್ಟು ಹಳೆಯದಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಆಂಡ್ರಾಯ್ಡ್ ವರ್ಷನ್ ಒತ್ತಿ. ಸ್ಯಾಮ್‌ಸಂಗ್ ಆದರೆ ಸಾಫ್ಟ್‌ವೇರ್ ಇನ್‌ಫರ್ಮೇಶನ್. ಅಲ್ಲಿ ಸೆಕ್ಯುರಿಟಿ ಪ್ಯಾಚ್‌ನ ತಾರೀಖು ಕಾಣುತ್ತದೆ. ಅದು 1 ಅಥವಾ 5ನೇ ತಾರೀಖಿನದಾಗಿರುತ್ತದೆ. 5 ಎಂದಿದ್ದರೆ ಕರ್ನಲ್ (ಆಂಡ್ರಾಯ್ಡ್‌ನ ಒಳತಿರುಳು) ಮತ್ತು ಚಿಪ್ ಕಂಪನಿಗಳ ದುರಸ್ತಿಗಳೂ ಸೇರಿವೆ ಎಂದರ್ಥ.

ಸ್ಟೇಜ್‌ಫ್ರೈಟ್ ಎಂಬ ಆಂಡ್ರಾಯ್ಡ್ ದೋಷ ಬಯಲಾದ 2015ರಿಂದ ಗೂಗಲ್ ತಿಂಗಳ ಲೆಕ್ಕದಲ್ಲಿ ಸೆಕ್ಯುರಿಟಿ ಬುಲೆಟಿನ್, ಅಂದರೆ ಮುಚ್ಚಿದ ದೋಷಗಳ ಪಟ್ಟಿ, ಹೊರಡಿಸುತ್ತಿದೆ. ತಡ ಮಾಡಬಾರದು ಎನ್ನುವುದು ಇದೇ ಕಾರಣಕ್ಕೆ: ಪಟ್ಟಿ ಪ್ರಕಟವಾದ ದಿನವೇ ತೂತು ಎಲ್ಲಿತ್ತು ಎಂಬುದು ಕಳ್ಳರಿಗೂ ಗೊತ್ತಾಗುತ್ತದೆ. ಆಮೇಲೆ ಅಪಾಯ ಅಪ್‌ಡೇಟ್ ಹಾಕಿಕೊಳ್ಳದ ಫೋನ್‌ಗೇ ಹೆಚ್ಚು.

ಒಂದು ಶೀಟ್ ತೆರೆದು ಪ್ರತಿ ಫೋನಿನ ಮಾಡೆಲ್, ಪ್ಯಾಚ್ ತಾರೀಖು, ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್ (ಗೂಗಲ್ ನೇರವಾಗಿ ಕಳಿಸುವುದು) ತಾರೀಖು, ಕಂಪನಿ ಸಪೋರ್ಟ್ ಮುಗಿಯುವ ದಿನ ಬರೆಯಿರಿ. ಪ್ಯಾಚ್ 90 ದಿನಕ್ಕಿಂತ ಹಳೆಯದಾದರೆ ಕೆಂಪು ಗುರುತು ಹಾಕಿ. ‘ನಿಮ್ಮ ಫೋನ್ ಅಪ್ ಟು ಡೇಟ್ ಇದೆ’ ಎಂಬ ಸಂದೇಶವನ್ನು ಮಾತ್ರ ನಂಬಬೇಡಿ. ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ್ದರೂ ಫೋನ್ ಹಾಗೆಯೇ ಹೇಳುತ್ತದೆ.

ಅಪ್‌ಡೇಟ್ ಬಂದಾಗ ಎಲ್ಲ ಫೋನ್‌ಗೂ ಒಂದೇ ರಾತ್ರಿ ಹಾಕಬೇಡಿ. ಮೊದಲು ಒಂದಕ್ಕೆ ಹಾಕಿ, ಬ್ಲೂಟೂತ್ ಪ್ರಿಂಟರ್‌ನಲ್ಲಿ ಬಿಲ್ ಬರುತ್ತದಾ, ಯುಪಿಐ ಆ್ಯಪ್ ತೆರೆಯುತ್ತದಾ, ಲೊಕೇಶನ್ ಸರಿ ತೋರಿಸುತ್ತದಾ ಎಂದು ಎರಡು ದಿನ ನೋಡಿ. ಪ್ರಿಂಟರ್ ಕೈಕೊಟ್ಟರೆ ಪೇರಿಂಗ್ ಅಳಿಸಿ ಹೊಸದಾಗಿ ಜೋಡಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಉಳಿದ ಫೋನ್‌ಗಳಿಗೆ ವಾರದೊಳಗೆ ಹಾಕಿ ಮುಗಿಸಿ. ಅಪ್‌ಡೇಟ್ ಮುಚ್ಚುವ ದೋಷವನ್ನು ಈಗಾಗಲೇ ದಾಳಿಗೆ ಬಳಸಲಾಗುತ್ತಿದೆ ಎಂದು ಬುಲೆಟಿನ್‌ನಲ್ಲಿದ್ದರೆ ಮಾತ್ರ ಕಾಯುವುದು ಬೇಡ, ಅಂದೇ ಹಾಕಿ.

ಅಪ್‌ಡೇಟ್ ನಡುವೆ ನಿಲ್ಲುವುದು ಹೆಚ್ಚಾಗಿ ಜಾಗ ಸಾಲದೆ. ವಾಟ್ಸಾಪ್ ವಿಡಿಯೋಗಳೇ ಸ್ಟೋರೇಜ್ ತಿಂದಿರುತ್ತವೆ. 8 ಜಿಬಿ ಖಾಲಿ ಇಟ್ಟುಕೊಳ್ಳಿ. ಚಾರ್ಜರ್‌ಗೆ ಹಾಕಿ, ವೈಫೈಗೆ ಜೋಡಿಸಿ. ಪ್ಲೇ ಸಿಸ್ಟಮ್ ಅಪ್‌ಡೇಟ್ ಬೇರೆಯೇ ಬರುತ್ತದೆ, ರೀಸ್ಟಾರ್ಟ್ ಮಾಡಿದ ಮೇಲಷ್ಟೇ ಜಾರಿಯಾಗುತ್ತದೆ. ತಿಂಗಳುಗಟ್ಟಲೆ ಆಫ್ ಮಾಡದ ಫೋನ್‌ನಲ್ಲಿ ಅದು ಡೌನ್‌ಲೋಡ್ ಆಗಿಯೂ ಬಾಕಿ ಉಳಿದಿರುತ್ತದೆ.

ಇನ್ನೊಂದು ಎಡವಟ್ಟು ಬೆಳಿಗ್ಗೆ ಗೊತ್ತಾಗುತ್ತದೆ. ರಾತ್ರಿ ರೀಸ್ಟಾರ್ಟ್ ಆದ ಫೋನ್‌ಗೆ ಮೊದಲ ಸಲ ಪಿನ್ ಹಾಕುವವರೆಗೆ ಅದರ ಡೇಟಾ ಬೀಗ ಹಾಕಿಕೊಂಡೇ ಇರುತ್ತದೆ. ಬಹುತೇಕ ಆ್ಯಪ್‌ಗಳು ಏಳುವುದೇ ಇಲ್ಲ, ಆರ್ಡರ್ ಮೆಸೇಜ್ ಬರುವುದಿಲ್ಲ. ಸಿಮ್ ಪಿನ್ ಇದ್ದರೆ ಕರೆಯೂ ಇಲ್ಲ. ಅಂಗಡಿ ಬಾಗಿಲು ತೆಗೆದ ಕೂಡಲೇ ಫೋನ್ ಅನ್‌ಲಾಕ್ ಮಾಡುವ ಕೆಲಸವನ್ನು ಒಬ್ಬರಿಗೆ ವಹಿಸಿ.

ಐಫೋನ್ ಇದ್ದರೆ ಸೆಟ್ಟಿಂಗ್ಸ್, ಜನರಲ್, ಸಾಫ್ಟ್‌ವೇರ್ ಅಪ್‌ಡೇಟ್, ಆಟೊಮ್ಯಾಟಿಕ್ ಅಪ್‌ಡೇಟ್ಸ್‌ಗೆ ಹೋಗಿ ಎಲ್ಲ ಸ್ವಿಚ್ ಆನ್ ಮಾಡಿ. ಐಫೋನ್‌ಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ತಪ್ಪು: 2021ರ ಸೆಪ್ಟೆಂಬರ್‌ನಲ್ಲಿ ಬಂದ ಐಒಎಸ್ 14.8 ಮುಚ್ಚಿದ್ದು, ಬಳಕೆದಾರ ಏನನ್ನೂ ಒತ್ತದೆಯೇ ಪೆಗಾಸಸ್ ಬೇಹುಗಾರಿಕೆ ತಂತ್ರಾಂಶ ಒಳನುಗ್ಗುತ್ತಿದ್ದ ದಾರಿಯನ್ನು.

ಸಿಬ್ಬಂದಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ: ಅಪ್‌ಡೇಟ್ ಎಂದೂ ವಾಟ್ಸಾಪ್‌ನಲ್ಲಿ ಬರುವುದಿಲ್ಲ. ಬ್ಯಾಂಕ್ ಅಪ್‌ಡೇಟ್, ಟ್ರಾಫಿಕ್ ಚಲನ್ ಎಂದು ಬರುವ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲುಗಳು ಎಸ್‌ಎಂಎಸ್ ಓದಿ ಒಟಿಪಿ ಕದಿಯುತ್ತವೆ. ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ವಾಟ್ಸಾಪ್ ಮತ್ತು ಬ್ರೌಸರ್ ಎರಡಕ್ಕೂ ಆ ಅನುಮತಿ ತೆಗೆದುಹಾಕಿ.

ಹೊಸ ಫೋನ್ ಕೊಳ್ಳುವಾಗ ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ರಿಂದ ಶುರುವಾಗಿ 7 ವರ್ಷದ ಭರವಸೆ ಇದೆ. ಅಗ್ಗದ ಮಾಡೆಲ್‌ಗಳಿಗೆ ಇದಕ್ಕಿಂತ ಕಡಿಮೆಯೇ. ಲೆಕ್ಕ ನೀವು ಕೊಂಡ ದಿನದಿಂದಲ್ಲ, ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ಎರಡು ವರ್ಷ ಹಳೆಯ ಮಾಡೆಲ್ ರಿಯಾಯಿತಿಯಲ್ಲಿ ಸಿಕ್ಕರೂ ಆ ಎರಡು ವರ್ಷದ ಅಪ್‌ಡೇಟ್ ಹೋಯಿತೆಂದೇ ತಿಳಿಯಿರಿ. ಸಪೋರ್ಟ್ ಮುಗಿದ ಫೋನ್‌ನಿಂದ ಮೊದಲು ಯುಪಿಐ ಮತ್ತು ಆಫೀಸ್ ಇಮೇಲ್ ತೆಗೆಯಿರಿ, ಗೂಗಲ್ ಅಕೌಂಟ್ ರಿಮೂವ್ ಮಾಡಿ, ಕೊನೆಗೆ ಫ್ಯಾಕ್ಟರಿ ರೀಸೆಟ್ ಕೊಡಿ.