ಬಿತ್ತನೆ ಅಲಸಂದೆಗೆ ಬೇವಿನೆಣ್ಣೆ: ನನ್ನ ಅನುಭವ

ನಮ್ಮ ಮೈಸೂರು ಕಡೆ ಅಲಸಂದೆ, ಹೆಸರು ಮುಂಗಾರಿಗೆ ಮುಂಚಿನ ಬೆಳೆ. ಏಪ್ರಿಲ್ ಮಳೆಗೆ ಬಿತ್ತಿದರೆ ಜುಲೈ ಹೊತ್ತಿಗೆ ಕಾಳು ಮನೆ ಸೇರುತ್ತದೆ. ಅಲ್ಲಿಂದ ಮುಂದಿನ ಏಪ್ರಿಲ್‌ವರೆಗೆ ಬೀಜಕ್ಕೆ ಹುಳ ಬೀಳದ ಹಾಗೆ ನೋಡಿಕೊಳ್ಳಬೇಕಲ್ಲ, ಕಷ್ಟ ಇರುವುದೇ ಅಲ್ಲಿ. ನಾನು ಮನೆ ಬೀಜವನ್ನೇ ಬಿತ್ತುವವಳು. ಅದಕ್ಕೆ ಬೇವಿನೆಣ್ಣೆ ಸವರಿಡುತ್ತೇನೆ.

ಹುಳ ಉಗ್ರಾಣದಲ್ಲೇ ಹುಟ್ಟುತ್ತದೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅದು ಹೊಲದಿಂದಲೇ ಬರುತ್ತದೆ. ಬಲಿತ ಕಾಯಿಯ ಮೇಲೆ ಕಂದು ದುಂಬಿ ಮೊಟ್ಟೆ ಇಡುತ್ತದೆ. ಒಣಗಿದ ಕಾಯಿಯನ್ನು ಗಿಡದಲ್ಲೇ ಬಿಟ್ಟಷ್ಟೂ ತೊಂದರೆ. ಆಮೇಲೆ ಚೀಲದಲ್ಲಿ ಕಾಳಿನ ಮೇಲೇ ಮೊಟ್ಟೆ ಅಂಟಿಸುತ್ತದೆ. ಒಂದು ಹಿಡಿ ಅಲಸಂದೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಆಗಷ್ಟೇ ಇಟ್ಟ ಮೊಟ್ಟೆ ನೀರಿನ ಹನಿಯಂತೆ ತೆಳ್ಳಗೆ ಹೊಳೆಯುತ್ತದೆ. ಅಚ್ಚ ಬಿಳಿ ಚುಕ್ಕೆ ಕಂಡರೆ ಮರಿ ಆಗಲೇ ಸಿಪ್ಪೆ ಕೊರೆದು ಒಳಗೆ ಹೋಗಿದೆ, ಅದರ ಹುಡಿಯೇ ಬರಿದಾದ ಮೊಟ್ಟೆಯೊಳಗೆ ತುಂಬಿದೆ ಅಂತ ಅರ್ಥ. ಒಳಗೆ ಸೇರಿದ ಮರಿಯನ್ನು ಎಣ್ಣೆ ಅಷ್ಟಾಗಿ ಮುಟ್ಟುವುದಿಲ್ಲ.

ಎಣ್ಣೆಯ ಕೆಲಸವೆಲ್ಲ ಮೊಟ್ಟೆಯ ಮೇಲೆ. ಕಾಳಿಗೆ ತೆಳುವಾಗಿ ಹತ್ತಿದ ಎಣ್ಣೆ ಮೊಟ್ಟೆಗೆ ಗಾಳಿ ಆಡದಂತೆ ಮಾಡುತ್ತದೆ, ಮರಿ ಹೊರಡುವುದೇ ಇಲ್ಲ. ಮೊಟ್ಟೆ ಒಡೆಯಲು ಐದಾರು ದಿನ ಸಾಕು. ಹಾಗಾಗಿ ಹುಳ ಕಂಡ ಮೇಲೆ ಎಣ್ಣೆ ಹುಡುಕಿದರೆ ಏನು ಪ್ರಯೋಜನ? ಒಣಗಿಸಿದ ಕೂಡಲೇ ಸವರಿಬಿಡಬೇಕು.

ಜುಲೈ ಮೋಡದಲ್ಲಿ ಒಣಗಿಸುವುದೇ ಕಷ್ಟ. ಬಿಸಿಲು ಬಂದಾಗೆಲ್ಲ ಟಾರ್ಪಾಲಿನ ಮೇಲೆ ತೆಳ್ಳಗೆ ಹರವುತ್ತೇನೆ. ಹಲ್ಲಲ್ಲಿ ಕಚ್ಚಿದರೆ ಕಟ್ ಅಂತ ಒಡೆಯಬೇಕು, ಮೆತ್ತಗಿರಬಾರದು. ತೂತಿನ ಕಾಳು, ಒಡಕು ಕಾಳು ಎಲ್ಲ ಮೊರದಲ್ಲಿ ಕೇರಿ ತೆಗೆಯುತ್ತೇನೆ. ಕಾಳು ಪೂರ್ತಿ ತಣ್ಣಗಾದ ಮೇಲೆ ಕೆ.ಜಿ.ಗೆ 5 ಮಿ.ಲೀ. ಬೇವಿನೆಣ್ಣೆ. 10 ಕೆ.ಜಿ.ಗೆ 50 ಮಿ.ಲೀ. ಆಯಿತು. ಒಂದೇ ಸಲ ಸುರಿಯಬೇಡಿ, ಒಂದು ಕಡೆ ಕಾಳು ತೊಯ್ದು ಇನ್ನೊಂದು ಕಡೆ ಒಣಕಲು ಉಳಿಯುತ್ತದೆ. ಸ್ವಲ್ಪ ಸ್ವಲ್ಪ ಹಾಕುತ್ತಾ ಎರಡೂ ಕೈಯಲ್ಲಿ ತಿಕ್ಕಬೇಕು. ಪ್ರತಿ ಕಾಳೂ ಮಿರುಗಬೇಕು, ಆದರೆ ಪಾತ್ರೆಯ ತಳದಲ್ಲಿ ಎಣ್ಣೆ ನಿಲ್ಲಬಾರದು. ಒಂದು ಕಾಳಿಗೆ ತಪ್ಪಿದರೂ ದುಂಬಿಗೆ ಅಷ್ಟೇ ಸಾಕು. ನೆರಳಲ್ಲಿ ಸ್ವಲ್ಪ ಹೊತ್ತು ಹರವಿ, ಡಬ್ಬಿಯ ಬಾಯಿವರೆಗೂ ತುಂಬಿ ಗಟ್ಟಿಯಾಗಿ ಮುಚ್ಚುತ್ತೇನೆ.

ಸುಮ್ನೆ ಬೇವಿನ ಸೊಪ್ಪು ಹಾಕಿಟ್ಟರೆ ಸಾಲದಾ ಅಂತ ಕೇಳುತ್ತಾರೆ. ನಾನು ಕಂಡ ಮಟ್ಟಿಗೆ ಸೊಪ್ಪು ನಂಬಿ ಕೂರುವಂಥದ್ದಲ್ಲ. ಮೊಟ್ಟೆ ಇರುವುದು ಕಾಳಿನ ಮೇಲೆ, ಸೊಪ್ಪು ಎಲ್ಲೋ ಪಕ್ಕದಲ್ಲಿ ಬಿದ್ದಿರುತ್ತದೆ ಅಲ್ವಾ?

ಬೇವಿನೆಣ್ಣೆ ಸವರಿದ್ದು ಬಿತ್ತನೆಗೆ ಮಾತ್ರ, ಅಡುಗೆಗೆ ಬೇಡವೇ ಬೇಡ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಿ. ಊಟದ ತೊಗರಿಬೇಳೆಗೆ ಹರಳೆಣ್ಣೆ ಸವರುವ ರೂಢಿ ನಮ್ಮಲ್ಲಿ ಮೊದಲಿನಿಂದ ಇದೆ. ಅದನ್ನು ಬಿಸಿನೀರಲ್ಲಿ ತೊಳೆದು ಬೇಯಿಸಿದರಾಯಿತು.

ಎಣ್ಣೆ ಜಾಸ್ತಿಯಾದರೆ ಮೊಳಕೆ ಕುಗ್ಗುತ್ತದೆ. ಬಿತ್ತುವುದಕ್ಕೆ ವಾರ ಮುಂಚೆ 100 ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡುತ್ತೇನೆ. 75ಕ್ಕೆ ಕಡಿಮೆ ಇಲ್ಲದೆ ಮೊಳೆತರೆ ಬೀಜ ಹೊಲಕ್ಕೆ ಹೋಗುತ್ತದೆ.