ರೈಡರ್‌ನ ಹಿಂಗಾಲು ಮತ್ತು ನಮ್ಮ ಅಂಪೈರ್‌ಗಳು

ಹಾಸನ ಜಿಲ್ಲೆಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಲ್ಲಿ ತೀರ್ಪುಗಾರರ ಕೆಲಸವನ್ನು ಅಳೆದು ತಿದ್ದುತ್ತೇನೆಂದು ನಾನು ಹೊರಟಾಗ, ಸೀಟಿ ಊದುವವರಿಗೂ ಪರೀಕ್ಷೆಯೇ ಎಂದು ನಕ್ಕವರೇ ಹೆಚ್ಚು. ನಾಲ್ಕು ವರ್ಷಗಳ ನಂತರ ಅದೇ ಸ್ನೇಹಿತರು ನನ್ನ ನಮೂನೆಯ ಪ್ರತಿಯನ್ನು ಕೇಳುತ್ತಿದ್ದಾರೆ.

ಮೊದಲ ವರ್ಷ ಮಾಡಿದ್ದೆಲ್ಲ ಕೆಟ್ಟಿತು. 26 ಅಂಶಗಳ ಪಟ್ಟಿ ಹಿಡಿದು ಅಂಕ ಹಾಕುವುದರಲ್ಲೇ ಮುಳುಗಿದ್ದರಿಂದ ಅರ್ಧ ಪಂದ್ಯವನ್ನು ನಾನೇ ನೋಡಿರಲಿಲ್ಲ. ಅರಸೀಕೆರೆ ಕಡೆಯ ಪಂದ್ಯಾವಳಿಯೊಂದರಲ್ಲಿ ನಡುರಾತ್ರಿ ಊಟಕ್ಕೆ ಕುಳಿತಾಗ ಒಬ್ಬ ಅಂಪೈರ್‌ರ ತಪ್ಪುಗಳನ್ನು ಎಲ್ಲರೆದುರು ಓದಿ ಹೇಳಿದೆ. ಅವರು ಎಲೆ ಬಿಟ್ಟು ಎದ್ದವರು ಮತ್ತೆ ನಮ್ಮ ಕಡೆ ಬರಲಿಲ್ಲ.

ಮರುವರ್ಷ ಪಂದ್ಯಗಳನ್ನು ವಿಡಿಯೊ ಮಾಡಲು ಎರಡು ಹಳೆಯ ಫೋನು, ಎರಡು ಸ್ಟ್ಯಾಂಡು, ಮೆಮೊರಿ ಕಾರ್ಡು ಎಂದು ಕೈಯಿಂದ ಸುಮಾರು 14,000 ರೂಪಾಯಿ ಹಾಕಿದೆ. ಆಯೋಜಕರು ಬಿಡಿಗಾಸು ಕೊಡಲಿಲ್ಲ. ಅದರಲ್ಲಿ ಒಂದು ಫೋನಿನ ಮೇಲೆ ರೈಡರೊಬ್ಬ (ಎದುರಾಳಿ ಅಂಕಣಕ್ಕೆ ನುಗ್ಗುವ ಆಟಗಾರ) ಬಂದು ಬಿದ್ದು, ಗಾಜಿಗೇ ಎರಡು ಸಾವಿರ ಹೋಯಿತು.

ಈಗ ನಾನು ಪಂದ್ಯದ ರಾತ್ರಿ ತುಟಿ ಬಿಚ್ಚುವುದಿಲ್ಲ. ಮರುದಿನ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಪ್ರೇಕ್ಷಕರ ಗದ್ದಲ ಕೇಳದಂತೆ ಸದ್ದು ಅಡಗಿಸಿದ ಮೂರು ತುಣುಕುಗಳನ್ನು ತೋರಿಸುತ್ತೇನೆ. ಮೂರರಲ್ಲಿ ಒಂದು ಅವರು ಸರಿಯಾಗಿ ಕೊಟ್ಟ ತೀರ್ಪೇ ಆಗಿರುತ್ತದೆ. ಏನು ಕಂಡಿತು, ಎಲ್ಲಿ ನಿಂತಿದ್ದಿರಿ ಎಂಬುದನ್ನು ಮೊದಲು ಅವರೇ ಹೇಳಬೇಕು, ನನ್ನ ಮಾತು ಆಮೇಲೆ. ಕೊನೆಗೆ ತಿದ್ದಿಕೊಳ್ಳಲು ಎರಡೇ ಅಂಶ ಬರೆದುಕೊಡುತ್ತೇನೆ, ಮುಂದಿನ ಪಂದ್ಯಾವಳಿಯಲ್ಲಿ ಅವೆರಡನ್ನೇ ಗಮನಿಸುತ್ತೇನೆ. ತುಣುಕುಗಳನ್ನು ಯಾವ ಕ್ರಮದಲ್ಲಿ ತೋರಿಸುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ಹೆಚ್ಚು ಫಲ ಸಿಕ್ಕಿದ್ದು ಬೋನಸ್, ಅಂದರೆ ಎದುರಾಳಿ ಅಂಕಣದ ಬೋನಸ್ ಗೆರೆ ದಾಟಿದ ರೈಡರ್‌ಗೆ ಸಿಗುವ ಹೆಚ್ಚುವರಿ ಅಂಕದ ವಿಚಾರದಲ್ಲಿ. ಮುಂಗಾಲು ಬೋನಸ್ ಗೆರೆ ದಾಟಿದ್ದನ್ನು ಎಲ್ಲರೂ ನೋಡುತ್ತಾರೆ. ಆ ಕ್ಷಣ ಹಿಂಗಾಲು ನೆಲ ಬಿಟ್ಟಿತ್ತೇ ಎಂಬುದನ್ನು ನೋಡುವವರು ಕಡಿಮೆ. ಒಂದು ತುಣುಕಿನಲ್ಲಿ ರೈಡರ್‌ನ ಹಿಂಗಾಲಿನ ಹೆಬ್ಬೆರಳು ಮ್ಯಾಟಿಗೆ ಅಂಟಿಕೊಂಡೇ ಇತ್ತು, ಅಂಪೈರ್‌ರ ಕೈ ಆಗಲೇ ಮೇಲೆದ್ದಿತ್ತು. ಅದನ್ನು ನಾಲ್ಕು ಸಲ ನಿಧಾನವಾಗಿ ಓಡಿಸಿ ನೋಡಿದ ಅವರು, ತಾವು ನಡುಗೆರೆಯ ಬಳಿಯೇ ನಿಂತುಬಿಟ್ಟಿದ್ದನ್ನು ತಾವೇ ಕಂಡುಕೊಂಡರು. ಬೋನಸ್ ಗೆರೆಯ ನೇರಕ್ಕೆ ಸರಿಯುವುದನ್ನು ರೂಢಿಸಿಕೊಂಡ ಮೇಲೆ, ಹಿಂದೆ ಹತ್ತರಲ್ಲಿ ಮೂರೋ ನಾಲ್ಕೋ ತಪ್ಪುತ್ತಿದ್ದದ್ದು ಒಂದಕ್ಕೆ ಇಳಿಯಿತು. ಎದುರಾಳಿ ಅಂಕಣದಲ್ಲಿ ಐದೇ ಜನ ಉಳಿದಿದ್ದರೂ ಬೋನಸ್ ಕೊಡುವ ಚಾಳಿ ಎರಡೇ ಪಂದ್ಯಾವಳಿಗಳಲ್ಲಿ ಹೋಯಿತು.

ನಡುವೆ ಸೀಟಿಗಳನ್ನು ಬದಲಿಸಿ ನೋಡಿದೆ, ಏನೂ ವ್ಯತ್ಯಾಸವಾಗಲಿಲ್ಲ. ತೀರ್ಪುಗಾರರನ್ನೇ ರೈಡಿಗೆ ಇಳಿಸಿದಾಗ ನಗು ಬಂತು, ಒಬ್ಬರ ಮೊಣಕಾಲು ಉಳುಕಿತು. ಸತತ ಎರಡು ಪಂದ್ಯ ಮಾಡಿದವರನ್ನು ಮೂರನೆಯದಕ್ಕೆ ಸ್ಕೋರರ್ ಮೇಜಿಗೆ ಕಳಿಸಿದ್ದು ಮಾತ್ರ ನಡುರಾತ್ರಿಯ ಎಡವಟ್ಟುಗಳನ್ನು ಚೆನ್ನಾಗಿಯೇ ತಗ್ಗಿಸಿತು.

ಅಂಕಣದ ಎರಡೂ ಬದಿಯ ಪಟ್ಟಿಯಾದ ಲಾಬಿಯೊಳಗಿನ ಜಗ್ಗಾಟದ ತೀರ್ಪು ಇನ್ನೂ ಹದಕ್ಕೆ ಬಂದಿಲ್ಲ. ಆಟಗಾರರ ಬೆನ್ನೇ ಎಲ್ಲವನ್ನೂ ಮರೆಮಾಡುವುದರಿಂದ ಎರಡು ಕೋನಗಳು ಸಾಲುತ್ತಿಲ್ಲ. ಮೂರನೆಯ ಫೋನಿಗೆ ದುಡ್ಡು ಹೊಂದಿಸುತ್ತಿದ್ದೇನೆ.